ಜೇಬಿನ ಚಾಕು ಕಪ್ಪಾಗಿದೆ, ಮಳೆಗಾಲದಲ್ಲಿ ತೆರೆಯುವುದೇ ಇಲ್ಲ: ಸರಿಮಾಡಬಹುದೇ?

ಓದುಗರ ಪ್ರಶ್ನೆ:

“2004ರಲ್ಲಿ ಕೆಲಸದ ಮೇಲೆ ಕೆಲವು ತಿಂಗಳು ಫ್ರಾನ್ಸಿನ ಗ್ರೆನೋಬಲ್‌ನಲ್ಲಿದ್ದೆ. ಬರುವಾಗ ಒಪಿನೆಲ್ ಕಂಪನಿಯ 8ನೇ ನಂಬರಿನ ಮಡಚುವ ಚಾಕು ತಂದೆ. ಮರದ ಹಿಡಿ, ಕಾರ್ಬನ್ ಸ್ಟೀಲಿನ ಅಲಗು. ಬೆಂಗಳೂರಿನಲ್ಲಿ ಇದ್ದಷ್ಟು ದಿನ ಆಫೀಸಿನ ಬ್ಯಾಗಿನಲ್ಲಿತ್ತು. ಹಣ್ಣು ಹೆಚ್ಚುವುದು, ಪಾರ್ಸೆಲ್ ಬಿಚ್ಚುವುದು, ಅಷ್ಟೇ ಕೆಲಸ. ಏನೂ ತೊಂದರೆ ಕೊಟ್ಟಿರಲಿಲ್ಲ. ನಿವೃತ್ತನಾಗಿ ಸಾಗರದ ಹತ್ತಿರ ತೋಟದ ಮನೆಗೆ ಬಂದ ಮೇಲೆ ಶುರುವಾಯಿತು ನೋಡಿ. ಮಳೆಗಾಲದಲ್ಲಿ ಹಿಡಿ ಉಬ್ಬಿ ಚಾಕು ತೆರೆಯುವುದೇ ಇಲ್ಲ. ಅಲಗು ಪೂರ್ತಿ ಕಪ್ಪಾಗಿದೆ. ಅದರಲ್ಲಿ ಹೆಚ್ಚಿದ ಹಣ್ಣು ವಿಷ ಅಂತ ಮನೆಯವರು ಮುಟ್ಟುವುದಿಲ್ಲ. ಪೇಟೆಯಲ್ಲಿ ಮೋಟಾರಿನ ಸಾಣೆಗೆ ಕೊಟ್ಟೆ. ಅವತ್ತು ಕ್ಷೌರದ ಕತ್ತಿಯ ಹಾಗಿತ್ತು, ವಾರದಲ್ಲಿ ಮೊಂಡು. ಮೊನೆಯ ಹತ್ತಿರ ಸ್ವಲ್ಪ ನೀಲಿ ಬಣ್ಣ ಬೇರೆ. ಪಕ್ಕದ ಮನೆಯವರು ‘ಹದ ಹೋಗಿದೆ, ಒಲೆಯಲ್ಲಿ ಕಾಯಿಸಿ ಎಣ್ಣೆಗೆ ಅದ್ದು’ ಅಂತಾರೆ. ಮೊನ್ನೆ ಕರಟದಿಂದ ಕಾಯಿ ಎಬ್ಬಿಸುವಾಗ ಅಲಗು ಮಡಚಿಕೊಂಡು ಬೆರಳಿಗೆ ತಾಗಿತು. ಸಣ್ಣ ಗಾಯ. ಇಷ್ಟು ವರ್ಷದ ಚಾಕು, ಬಿಡಲು ಮನಸ್ಸಿಲ್ಲ. ಸರಿಮಾಡಬಹುದೇ? ಇಲ್ಲ ಸ್ಟೇನ್‌ಲೆಸ್ಸಿನ ಹೊಸದು ಕೊಳ್ಳಲೇ? ಜೇಬಿನಲ್ಲಿಟ್ಟುಕೊಂಡು ಓಡಾಡುವುದು ಕಾನೂನಿಗೆ ವಿರುದ್ಧವೇ?”

ಉತ್ತರ:

ನೀವು ಬಣ್ಣದ ಬಗ್ಗೆ, ಉಬ್ಬಿದ ಮರದ ಬಗ್ಗೆ ಜಾಸ್ತಿ ಬರೆದು, ಬೆರಳಿನ ವಿಷಯವನ್ನು ಒಂದೇ ಸಾಲಿನಲ್ಲಿ ಮುಗಿಸಿದ್ದೀರಿ. ನಾನು ಅಲ್ಲಿಂದಲೇ ಶುರು ಮಾಡುತ್ತೇನೆ. ಉಳಿದ ತೊಂದರೆಗಳಿಂದ ಚಾಕು ಹಾಳಾಗಬಹುದು, ಅಷ್ಟೇ. ಇದರಿಂದ ಬೆರಳೇ ಹೋಗಬಹುದು.

ನಿಮ್ಮ ಚಾಕುವಿನ ಕುತ್ತಿಗೆಯಲ್ಲಿ ತಿರುಗುವ ಉಕ್ಕಿನ ಬಳೆ ಇದೆಯಲ್ಲ, ಅದೇ ಬೀಗ. ಜೋಸೆಫ್ ಒಪಿನೆಲ್ ಫ್ರಾನ್ಸಿನ ಸವಾಯ್ ಪ್ರಾಂತ್ಯದಲ್ಲಿ 1890ರಲ್ಲಿ ಈ ಚಾಕು ಮಾಡಿದಾಗ ಬಳೆ ಇರಲಿಲ್ಲ. ಅಲಗು ಹಿಡಿಯ ಬಿಗಿಯಲ್ಲೇ ನಿಲ್ಲಬೇಕಿತ್ತು. ಬಳೆ ಬಂದದ್ದು 1955ರಲ್ಲಿ. 2000ದಲ್ಲಿ ಅದನ್ನು ಇನ್ನಷ್ಟು ತಿದ್ದಿ, ಮಡಚಿದ ಸ್ಥಿತಿಯಲ್ಲೂ ಬೀಗ ಬೀಳುವ ಹಾಗೆ ಮಾಡಿದರು. ನೀವು ತಂದದ್ದು 2004ರಲ್ಲಿ, ಹಾಗಾಗಿ ನಿಮ್ಮದು ಎರಡೂ ಕಡೆ ಬೀಗ ಬೀಳುವ ಚಾಕುವೇ ಇರಬೇಕು.

ಬಳೆಯಲ್ಲಿ ಒಂದು ಸೀಳು ಇದೆ. ಆ ಸೀಳಿನ ಅಂಚು ಸ್ವಲ್ಪ ಓರೆ. ತಿರುಗಿಸುತ್ತಾ ಹೋದ ಹಾಗೆ ಅದು ಅಲಗಿನ ಹಿಮ್ಮಡಿಗೆ, ಅಂದರೆ ಬುಡಕ್ಕೆ, ಬಿಗಿಯಾಗಿ ಒತ್ತಿಕೊಳ್ಳುತ್ತದೆ. ವರ್ಷಗಟ್ಟಲೆ ಬಳಸಿದಾಗ ಎರಡೂ ಸವೆಯುತ್ತವೆ. ಬಳೆ ಮೊದಲಿಗಿಂತ ಜಾಸ್ತಿ ತಿರುಗಿದ ಮೇಲೆ ಬಿಗಿಯಾಗುತ್ತದೆ. ಅದು ಸಹಜ, ಅದಕ್ಕೇ ಓರೆ ಮಾಡಿರುವುದು. ಆದರೆ ಬೆರಳಿನಲ್ಲಿ ಸುಮ್ನೆ ತಳ್ಳಿದರೆ ಬಳೆ ಸಲೀಸಾಗಿ ತಿರುಗಿಬಿಡುತ್ತದೆ ಅಂದರೆ ಬೀಗ ಇಲ್ಲ ಅಂತಲೇ ಲೆಕ್ಕ. ನಿಮ್ಮದು ಹಾಗಾಗಿದೆ ಅಂತ ನನ್ನ ಊಹೆ. ಇನ್ನೊಂದು ಸಾಧ್ಯತೆಯೂ ಇದೆ. ಹಿಡಿ ಉಬ್ಬಿ ಅಲಗು ಪೂರ್ತಿ ತೆರೆದಿರುವುದಿಲ್ಲ. ಬಳೆ ಅರ್ಧಕ್ಕೇ ಸಿಕ್ಕಿಕೊಂಡು ನಿಲ್ಲುತ್ತದೆ. ಬಿಗಿಯಾಗಿದೆ ಅಂದುಕೊಂಡು ಕೆಲಸ ಶುರು ಮಾಡುತ್ತೀರಿ, ಒತ್ತಡ ಬಿದ್ದಾಗ ಜಾರುತ್ತದೆ.

ಇದಕ್ಕೆ ಮಾಡುವುದು ಇಷ್ಟು. ಸರ್‌ಕ್ಲಿಪ್ ಬಿಚ್ಚುವ ಇಕ್ಕಳ ಹಾರ್ಡ್‌ವೇರ್ ಅಂಗಡಿಯಲ್ಲಿ ಸಿಗುತ್ತದೆ. ಹೊರಕ್ಕೆ ಅಗಲವಾಗುವ ಜಾತಿಯದು ಬೇಕು. ಅಲಗು ಮಡಚಿಟ್ಟು, ಬಳೆಯ ಸೀಳಿಗೆ ಇಕ್ಕಳ ಹಾಕಿ, ಹೊರಬರಲು ಎಷ್ಟು ಬೇಕೋ ಅಷ್ಟೇ ಅಗಲಿಸಿ. ಜಾಸ್ತಿ ಅಗಲಿಸಿದರೆ ಅದರ ಬಿಗಿ ಪೂರ್ತಿ ಹೋಗುತ್ತದೆ. ಜಾರಿದರೆ ಎಗರಿ ಕಣ್ಣಿಗೆ ಬಡಿಯಬಹುದು, ಕನ್ನಡಕ ಹಾಕಿಕೊಂಡೇ ಮಾಡಿ. ಬಿಚ್ಚಿದ ಮೇಲೆ ಒಳಗೆ ನೋಡಿ. ಮಲೆನಾಡಿನಿಂದ ಬರುವ ಚಾಕುಗಳಲ್ಲಿ ಅಲ್ಲಿ ಒಣಗಿದ ಹಲಸಿನ ಮೇಣ ಇಲ್ಲದೇ ಇದ್ದದ್ದು ಕಡಿಮೆ. ಅದಕ್ಕೆ ನೀರು ಸೋಪು ಏನೂ ಮಾಡುವುದಿಲ್ಲ. ಕೊಬ್ಬರಿ ಎಣ್ಣೆಯಲ್ಲಿ ಅದ್ದಿದ ಬಟ್ಟೆಯಲ್ಲಿ ತಿಕ್ಕಿ, ಬಿಡದಿದ್ದರೆ ಸ್ವಲ್ಪ ಸೀಮೆಎಣ್ಣೆ. ಆಮೇಲೆ ಬಳೆಯನ್ನು ಬೆರಳುಗಳ ನಡುವೆ ಇಟ್ಟು ಎಲ್ಲ ಕಡೆಯಿಂದ ಸಮನಾಗಿ ಒಂಚೂರು ಅದುಮಿ, ಮತ್ತೆ ಕೂರಿಸಿ. ಹೆಚ್ಚಿನ ಸಲ ಅಷ್ಟಕ್ಕೇ ಸರಿಹೋಗುತ್ತದೆ.

ಪರೀಕ್ಷೆ ಹೀಗೆ. ಅಲಗು ತೆರೆದು ಬೀಗ ಹಾಕಿ. ಅಲಗು ಮಡಚಿದರೆ ಬೀಳುವ ಜಾಗದಲ್ಲಿ ಯಾವ ಬೆರಳೂ ಇರದ ಹಾಗೆ ಹಿಡಿಯನ್ನು ಪಕ್ಕಗಳಿಂದ ಹಿಡಿದುಕೊಳ್ಳಿ. ಅಲಗಿನ ಬೆನ್ನನ್ನು ಮರದ ಮೇಜಿಗೆ ಊರಿ ನಿಧಾನಕ್ಕೆ ಒತ್ತಿ. ಕುಟ್ಟಬೇಡಿ. ಬಳೆ ತಾನಾಗೇ ಹಿಂದೆ ತಿರುಗಿದರೆ ಆ ಚಾಕುವನ್ನು ಬೀಗವಿಲ್ಲದ ಚಾಕು ಅಂತಲೇ ಬಳಸಿ.

ಬೀಗ ಗಟ್ಟಿಯಾದ ಮೇಲೂ ಕರಟದಿಂದ ಕಾಯಿ ಎಬ್ಬಿಸುವ ಕೆಲಸ ಇದಕ್ಕೆ ಬೇಡ. ಎಳನೀರಿನ ಕಣ್ಣು ಚುಚ್ಚುವುದು, ಡಬ್ಬಿಯ ಮುಚ್ಚಳ ಮೀಟುವುದು, ಇವೂ ಬೇಡ. ಎರಡು ಮಿಲಿಮೀಟರಿಗಿಂತ ತೆಳುವಾದ ಅಲಗು ಅದು. ಕೊಯ್ಯಲು ಮಾಡಿದ್ದು. ಮೀಟಿದಾಗ ಅಲಗು ಅಡ್ಡಕ್ಕೆ ತಿರುಚುತ್ತದೆ, ಆ ಹೊಡೆತವೆಲ್ಲ ಕುತ್ತಿಗೆಯ ಆಣಿಯ ಮೇಲೆ, ಅದರ ಸುತ್ತಲಿನ ಮರದ ಮೇಲೆ ಬೀಳುತ್ತದೆ. ಅಲಗು ಪಕ್ಕಕ್ಕೆ ಅಲ್ಲಾಡಲು ಶುರುವಾಗುವುದು ಹೀಗೇ. ನಿಮ್ಮ ಮನೆಯಲ್ಲಿ ಕತ್ತಿ ಇದೆ, ಈಳಿಗೆ ಮಣೆ ಇದೆ. ಅವುಗಳ ಕೆಲಸ ಅವಕ್ಕೇ ಬಿಡಿ.

ಬೆರಳಿನ ಗಾಯದ ಬಗ್ಗೆ ಒಂದು ಮಾತು. ‘ತುಕ್ಕು ಹಿಡಿದ ಚಾಕು ತಾಗಿದರೆ ಧನುರ್ವಾಯು’ ಅಂತ ಎಲ್ಲರೂ ಹೇಳುತ್ತಾರೆ. ತುಕ್ಕಿನಲ್ಲಿ ಆ ರೋಗ ಇಲ್ಲ. ಅದರ ಬ್ಯಾಕ್ಟೀರಿಯಾ ಇರುವುದು ಮಣ್ಣಿನಲ್ಲಿ, ಸಗಣಿ ಗೊಬ್ಬರದಲ್ಲಿ. ಪಳಪಳ ಹೊಳೆಯುವ ಸ್ಟೇನ್‌ಲೆಸ್ ಚಾಕು ತೋಟದ ಮಣ್ಣು ಮೆತ್ತಿಕೊಂಡಿದ್ದರೆ ಅದೂ ಅಷ್ಟೇ ಅಪಾಯ. ನೀವು ಇದೇ ಚಾಕುವನ್ನು ತೋಟದಲ್ಲೂ ಬಳಸುವವರು. ಮಣ್ಣು ತಾಗಿದ ಗಾಯವಾಗಿದ್ದು, ಕೊನೆಯ ಇಂಜೆಕ್ಷನ್ ಆಗಿ ಐದು ವರ್ಷ ದಾಟಿದ್ದರೆ, ಅಥವಾ ಯಾವಾಗ ತಗೊಂಡಿದ್ದು ಅನ್ನುವುದೇ ನೆನಪಿಲ್ಲದಿದ್ದರೆ, ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ಹೋಗಿ ಹಾಕಿಸಿಕೊಳ್ಳಿ. ಗಾಯ ಸಣ್ಣದು ಅಂತ ಬಿಡಬೇಡಿ.

ಈಗ ಸಾಣೆಯ ವಿಷಯಕ್ಕೆ ಬರೋಣ. ‘ಹದ ಹೋಗಿದೆ’ ಅಂತ ನನ್ನ ಬಳಿ ತರುವ ಹೆಚ್ಚಿನ ಚಾಕುಗಳ ಹದ ಹೋಗಿರುವುದಿಲ್ಲ. ಮೋಟಾರಿನ ಚಕ್ರಕ್ಕೆ ಹಿಡಿದಾಗ ಅಂಚಿನಲ್ಲಿ ಉಕ್ಕಿನ ತೆಳು ಎಳೆಯೊಂದು ಇನ್ನೊಂದು ಬದಿಗೆ ಮಡಚಿಕೊಂಡು ನಿಲ್ಲುತ್ತದೆ. ಕೆಲಸದವರು ಅದನ್ನು ‘ಬರ್’ ಅಂತಾರೆ. ಅದನ್ನು ತೆಗೆಯದೆ ಕೊಟ್ಟರೆ ಅವತ್ತು ಕೂದಲು ಬೋಳಿಸುವಷ್ಟು ಹರಿತ ಅನ್ನಿಸುತ್ತದೆ. ನಾಲ್ಕು ಟೊಮೆಟೊ ಹೆಚ್ಚುವಷ್ಟರಲ್ಲಿ ಎಳೆ ಮಡಚುತ್ತದೆ, ಇಲ್ಲ ಮುರಿಯುತ್ತದೆ. ಅದರ ಅಡಿಯಲ್ಲಿರುವುದು ಮೊಂಡು ಅಂಚು. ನೀವು ಬರೆದಿರುವ ‘ಅವತ್ತು ಕ್ಷೌರದ ಕತ್ತಿ, ವಾರದಲ್ಲಿ ಮೊಂಡು’ ಅನ್ನುವುದು ಇದರದ್ದೇ ಲಕ್ಷಣ.

ಆದರೆ ನೀಲಿ ಬಣ್ಣವನ್ನೂ ಹೇಳಿದ್ದೀರಿ. ಅದನ್ನು ತಳ್ಳಿಹಾಕುವ ಹಾಗಿಲ್ಲ. ನಿಮ್ಮ ಚಾಕುವಿನ ಉಕ್ಕಿನಲ್ಲಿ ಸುಮಾರು 0.9 ಶೇಕಡಾ ಇಂಗಾಲ ಇರುತ್ತದೆ. ಇಂಥ ಉಕ್ಕನ್ನು ಕೆಂಪಗೆ ಕಾಯಿಸಿ, ಥಟ್ಟನೆ ತಣಿಸಿ, ಗಾಜಿನಷ್ಟು ಪೆಡಸಾದ ಮೇಲೆ, ಸಾಮಾನ್ಯವಾಗಿ 200 ಡಿಗ್ರಿ ಸೆಲ್ಸಿಯಸ್ ಆಸುಪಾಸಿನಲ್ಲಿ ಇನ್ನೊಮ್ಮೆ ಕಾಯಿಸುತ್ತಾರೆ. ಆಗ ಗಟ್ಟಿತನವೂ ಉಳಿಯುತ್ತದೆ, ಮುರಿಯುವ ಗುಣವೂ ಕಡಿಮೆಯಾಗುತ್ತದೆ. ಹದ ಅಂದರೆ ಇದು. ಆಮೇಲೆ ಯಾವಾಗಲಾದರೂ ಆ ಬಿಸಿಯನ್ನು ದಾಟಿದರೆ ಉಕ್ಕು ಮೆತ್ತಗಾಗುತ್ತಾ ಹೋಗುತ್ತದೆ. ಎಷ್ಟು ಬಿಸಿಯಾಯಿತು ಅನ್ನುವುದನ್ನು ಬಣ್ಣವೇ ಹೇಳುತ್ತದೆ. ಒಣಹುಲ್ಲಿನ ಹಳದಿ ಬಂದರೆ 220 ಡಿಗ್ರಿ ಸುಮಾರು, ಕಂದು ಬಂದರೆ 250 ದಾಟಿದೆ, ನೀಲಿ ಬಂದರೆ 300ರ ಹತ್ತಿರ ಹೋಗಿದೆ. ಮೊನೆಯ ಕಡೆ ಉಕ್ಕು ತೀರಾ ತೆಳು. ನೀರು ಹಾಕದೆ ತಿರುಗುವ ಒಣ ಚಕ್ರಕ್ಕೆ ಒತ್ತಿ ಹಿಡಿದರೆ ಒಂದೆರಡು ಸೆಕೆಂಡು ಸಾಕು.

ಎರಡರಲ್ಲಿ ಯಾವುದು ಅಂತ ತಿಳಿಯಲು ಒಂದು ಸಣ್ಣ, ನಯವಾದ ಅರ ತಗೊಂಡು ಅಂಚನ್ನು ಹಗುರಾಗಿ ಸವರಿ. ಹದ ಇರುವ ಕಡೆ ಅರ ಜಾರಿದ ಹಾಗಾಗುತ್ತದೆ. ಮೆತ್ತಗಾದ ಕಡೆ ಕಚ್ಚಿ ಪುಡಿ ಬೀಳಿಸುತ್ತದೆ. ಬುಡದಿಂದ ಮೊನೆಯವರೆಗೆ ಹೀಗೆ ನೋಡಿದರೆ ಎಲ್ಲಿಂದ ಎಲ್ಲಿಯವರೆಗೆ ಕೆಟ್ಟಿದೆ ಅಂತ ಕೈಗೇ ಗೊತ್ತಾಗುತ್ತದೆ. ಮೊನೆಯ ಅರ್ಧ ಸೆಂಟಿಮೀಟರ್ ಮಾತ್ರ ಮೆತ್ತಗಿದ್ದರೆ ತಲೆ ಕೆಡಿಸಿಕೊಳ್ಳಬೇಡಿ. ಹಣ್ಣು ಹೆಚ್ಚುವ ಕೆಲಸವೆಲ್ಲ ನಡುಭಾಗದ್ದು. ಕಲ್ಲಿನ ಮೇಲೆ ಮಸೆಯುತ್ತಾ ಹೋದ ಹಾಗೆ ಆ ಭಾಗ ನಿಧಾನವಾಗಿ ಸವೆದುಹೋಗುತ್ತದೆ. ಬೇಗ ಬೇಕೆಂದರೆ ಮೊನೆಯನ್ನೇ ಹೊಸದಾಗಿ ರೂಪಿಸಬಹುದು. ಆಗ ಉಕ್ಕನ್ನು ಬೆನ್ನಿನ ಕಡೆಯಿಂದ ತೆಗೆಯಬೇಕು, ಹರಿತದ ಕಡೆಯಿಂದಲ್ಲ. ಹರಿತದ ಕಡೆಯಿಂದ ತೆಗೆದರೆ ಮೊನೆ ಮೇಲಕ್ಕೆ ಹೋಗುತ್ತದೆ. ಮಡಚಿದಾಗ ಹಿಡಿಯಿಂದ ಹೊರಗೆ ಇಣುಕಿ ಜೇಬಿಗೆ ಕೈ ಹಾಕಿದಾಗೆಲ್ಲ ಚುಚ್ಚುತ್ತದೆ. ಮೊನೆ ಮುರಿದ ಚಾಕುವನ್ನು ಹೀಗೆ ಸರಿಮಾಡಿಸಿಕೊಂಡು ಬಂದು ಬೆರಳು ತೋರಿಸುವವರು ಇದ್ದಾರೆ.

ನಿಮ್ಮ ಪಕ್ಕದ ಮನೆಯವರ ಸಲಹೆ ಕತ್ತಿಯ ಮಟ್ಟಿಗೆ ಸರಿ. ಲಾರಿ ಪ್ಲೇಟಿನಲ್ಲಿ ಮಾಡಿದ ದಪ್ಪ ಕತ್ತಿಗೆ ಆಚಾರಿಗಳು ಕುಲುಮೆಯಲ್ಲಿ ಹದ ಹಾಕುತ್ತಾರೆ, ಕಣ್ಣಳತೆಯಲ್ಲೇ ಚೆನ್ನಾಗಿ ಹಾಕುತ್ತಾರೆ. ಈ ಚಾಕುವಿಗೆ ಅದು ಆಗದು. ಮೊದಲನೆಯದಾಗಿ ಹಿಡಿಯ ಆಣಿ ಕಿತ್ತು ಅಲಗು ಬೇರೆ ಮಾಡಬೇಕು, ಕಿತ್ತರೆ ಮತ್ತೆ ಮೊದಲಿನ ಹಾಗೆ ಕೂರಿಸುವುದು ಕಷ್ಟ. ಆಮೇಲೆ ಸುಮಾರು 800 ಡಿಗ್ರಿಯವರೆಗೆ ಅಲಗನ್ನು ಎಲ್ಲ ಕಡೆ ಸಮನಾಗಿ ಕಾಯಿಸಬೇಕು. ಗ್ಯಾಸ್ ಒಲೆಯಲ್ಲಿ ತೆಳು ಅಂಚು ಸುಟ್ಟುಹೋಗಿ, ದಪ್ಪ ಬೆನ್ನು ಇನ್ನೂ ಕಾದಿರುವುದಿಲ್ಲ. ಎಣ್ಣೆಗೆ ಅದ್ದಿದಾಗ ತೆಳು ಅಲಗು ಸೊಟ್ಟಗಾಗುವುದು ಬಹುತೇಕ ಖಂಡಿತ. ಇಷ್ಟಾದ ಮೇಲೂ 200 ಡಿಗ್ರಿಯ ಎರಡನೇ ಬಿಸಿ ಕೊಡದೇ ಹೋದರೆ, ಕೈಜಾರಿ ನೆಲಕ್ಕೆ ಬಿದ್ದರೆ ಅಲಗು ತುಂಡು. ಬಿಸಿ ಎಣ್ಣೆಗೆ ಬೆಂಕಿ ಹತ್ತುವ ಅಪಾಯ ಬೇರೆ. ಅಡುಗೆಮನೆಯಲ್ಲಿ ಈ ಪ್ರಯೋಗ ದಯವಿಟ್ಟು ಬೇಡ.

ಇನ್ನು ಮುಂದೆ ಮೋಟಾರ್ ಸಾಣೆಗೆ ಕೊಡಲೇಬೇಡಿ. ಜೇಬಿನ ಚಾಕುಗಳ ಆಯಸ್ಸು ಬಳಕೆಯಿಂದ ಮುಗಿಯುವುದನ್ನು ನಾನು ಅಷ್ಟಾಗಿ ನೋಡಿಲ್ಲ, ಸಾಣೆಯಿಂದ ಮುಗಿಯುವುದನ್ನು ಬೇಕಾದಷ್ಟು ನೋಡಿದ್ದೇನೆ. ಚಕ್ರಕ್ಕೆ ಒಂದು ಸಲ ಕೊಟ್ಟಾಗ ಹೋಗುವ ಉಕ್ಕು, ಮನೆಯಲ್ಲಿ ಕಲ್ಲಿನ ಮೇಲೆ ವರ್ಷಗಟ್ಟಲೆ ಮಸೆದರೂ ಹೋಗುವುದಿಲ್ಲ. ಒಂದು 1000 ಗ್ರಿಟ್ಟಿನ, ಅಂದರೆ ಮಧ್ಯಮ ನಯದ, ಮಸೆಗಲ್ಲು ಸಾಕು. ಅಲಗಿನ ಅಗಲ ಸುಮಾರು ಎರಡು ಸೆಂಟಿಮೀಟರ್ ಇದೆ ಅನ್ನಿ. ಬೆನ್ನನ್ನು ಕಲ್ಲಿನಿಂದ 5 ಮಿಲಿಮೀಟರಿನಷ್ಟು, ಅಂದರೆ ಮೂರು ನಾಣ್ಯ ಒಂದರ ಮೇಲೊಂದು ಇಟ್ಟಷ್ಟು ಎತ್ತಿದರೆ 15 ಡಿಗ್ರಿ ಕೋನ ಬರುತ್ತದೆ. ಆ ಎತ್ತರ ಕೈಗೆ ಹಿಡಿದ ಮೇಲೆ ನಾಣ್ಯ ಬೇಡ. ಕಲ್ಲು ಒದ್ದೆ ಇರಲಿ, ಒತ್ತಬೇಡಿ. ಒಂದು ಬದಿ ಮಸೆದಾಗ ಇನ್ನೊಂದು ಬದಿಯಲ್ಲಿ ಆ ಎಳೆ ಬೆರಳಿಗೆ ಒರಟಾಗಿ ಸಿಗುತ್ತದೆ. ಬುಡದಿಂದ ಮೊನೆಯವರೆಗೂ ಸಿಕ್ಕಿದ ಮೇಲೆ ತಿರುಗಿಸಿ ಇನ್ನೊಂದು ಬದಿ. ಕೊನೆಗೆ ಒಂದೊಂದು ಬದಿಗೂ ಒಂದೊಂದೇ ಸಲ, ಗರಿ ಸವರಿದ ಹಾಗೆ ಹಗುರಾಗಿ ಎಳೆಯಿರಿ. ಆಮೇಲೆ ಹಳೇ ಚರ್ಮದ ಬೆಲ್ಟಿನ ಒಳಮೈ ಮೇಲೆ, ಬೆನ್ನು ಮುಂದಾಗಿ ಹಿಡಿದು, ಹತ್ತಿಪ್ಪತ್ತು ಸಲ ಎಳೆದರೆ ಎಳೆ ಪೂರ್ತಿ ಬಿಡುತ್ತದೆ. ನಡುವೆ ಹರಿತ ತುಸು ಇಳಿದಾಗ ಬೆಲ್ಟೇ ಸಾಕು. ಪ್ರತಿ ಸಲ ಕಲ್ಲು ಹಿಡಿಯುವುದು ಬೇಡ. ಕಲ್ಲು ಇಲ್ಲದ ಕಡೆ ಪಿಂಗಾಣಿ ಕಪ್ಪನ್ನು ಬೋರಲು ಹಾಕಿ, ಅಡಿಯ ಒರಟು ಅಂಚಿನ ಮೇಲೆ ನಾಲ್ಕು ಸಲ ಎಳೆದರೂ ಊಟದ ಹೊತ್ತಿಗೆ ಕೆಲಸ ನಡೆಯುತ್ತದೆ.

ಕಪ್ಪು ಬಣ್ಣದ ಬಗ್ಗೆ ನಿಮ್ಮ ಮನೆಯವರಿಗೆ ಹೇಳಿ: ಅದು ವಿಷವಲ್ಲ. ಮಾವಿನಕಾಯಿ, ಬಾಳೆಕಾಯಿ, ಅಡಿಕೆ, ಇವುಗಳಲ್ಲಿರುವ ಒಗರು ಕಬ್ಬಿಣದ ಜೊತೆ ಸೇರಿದಾಗ ಕಪ್ಪಾಗುತ್ತದೆ. ಹಿಂದಿನವರು ಅಳಲೆಕಾಯಿ ಕಷಾಯಕ್ಕೆ ಅನ್ನಭೇದಿ ಹಾಕಿ ಬರೆಯುವ ಮಸಿ ಮಾಡುತ್ತಿದ್ದುದು ಇದೇ ಗುಣದಿಂದ. ಹುಳಿ ಹಣ್ಣುಗಳಿಂದಲೂ ಅಲಗಿನ ಮೇಲೆ ತೆಳುವಾದ ಕಪ್ಪು ಪದರ ಕೂರುತ್ತದೆ. ಅದು ಉಕ್ಕಿಗೆ ಅಂಟಿಕೊಂಡೇ ಇರುತ್ತದೆ ಮತ್ತು ಕೆಂಪು ತುಕ್ಕು ಬರುವುದನ್ನು ಸ್ವಲ್ಪ ತಡ ಮಾಡುತ್ತದೆ. ಪೂರ್ತಿ ತಡೆಯುವುದಿಲ್ಲ, ಅದು ನೆನಪಿರಲಿ. ಹಳೇ ಚಾಕು ಬಲ್ಲವರು ಈ ಬಣ್ಣವನ್ನು ಉಜ್ಜಿ ತೆಗೆಯುವುದಿಲ್ಲ. ಉಜ್ಜಿದರೆ ಹೊಸ ಉಕ್ಕು ಬಯಲಾಗುತ್ತದೆ. ಮಾರನೇ ದಿನ ಈರುಳ್ಳಿ ಹೆಚ್ಚಿದಾಗ ಕಬ್ಬಿಣದ ವಾಸನೆ ಬರುವುದು ಆ ಹೊಸ ಉಕ್ಕಿನಿಂದ. ಮನೆಯವರಿಗೆ ಆ ವಾಸನೆಯೇ ಅನುಮಾನ ಹುಟ್ಟಿಸಿರಬಹುದು, ಅಲ್ವಾ? ಉಜ್ಜುವುದು ಬಿಟ್ಟರೆ ಅದು ತಾನಾಗೇ ಕಡಿಮೆಯಾಗುತ್ತದೆ.

ನೋಡಬೇಕಾದದ್ದು ಕೆಂಪು. ಬೆರಳಿನಲ್ಲಿ ಸವರಿದಾಗ ಕೆಂಪು ಪುಡಿ ಬಂದರೆ ಅದು ತುಕ್ಕು. ಅದು ನೀರನ್ನು ಹಿಡಿದಿಟ್ಟುಕೊಂಡು ಒಳಕ್ಕೆ ಗುಳಿ ಕೊರೆಯುತ್ತದೆ. ಅತಿ ನಯವಾದ ಉಕ್ಕಿನ ನಾರಿಗೆ ಒಂದು ಹನಿ ಎಣ್ಣೆ ಹಾಕಿ ಆ ಜಾಗವನ್ನಷ್ಟೇ ತಿಕ್ಕಿ. ಹಿತ್ತಾಳೆ ಪಾತ್ರೆ ನೆನಸಿದ ಹಾಗೆ ರಾತ್ರಿಯಿಡೀ ಹುಣಸೆಹಣ್ಣಿನಲ್ಲಿ ಅದ್ದಿಡಬೇಡಿ. ಹುಳಿ ತುಕ್ಕನ್ನು ತಿಂದು ಸುಮ್ಮನಾಗುವುದಿಲ್ಲ, ಅಂಚಿನ ಉಕ್ಕನ್ನೂ ತಿನ್ನುತ್ತದೆ. ದಿನದ ಬಳಕೆಯಲ್ಲಿ ಮಾಡಬೇಕಾದದ್ದು ಒಂದೇ: ಕೊಯ್ದಾದ ತಕ್ಷಣ ಒರೆಸಿ, ಒಣಗಿದ ಮೇಲೆ ಮಡಚಿ. ಒದ್ದೆ ಅಲಗನ್ನು ಮಡಚಿಟ್ಟರೆ ಆ ನೀರು ಅಲಗಿಗೂ ಕೆಟ್ಟದ್ದು, ಮರಕ್ಕೂ ಕೆಟ್ಟದ್ದು.

ಮರದ ವಿಷಯ. ಈ ಚಾಕುಗಳ ಹಿಡಿ ಸಾಮಾನ್ಯವಾಗಿ ಬೀಚ್ ಮರದ್ದು. ನಯವಾಗಿ ಕಡೆಯಲು ಒಳ್ಳೇ ಮರ, ಆದರೆ ನೀರಿನ ಮಟ್ಟಿಗೆ ಚಂಚಲ. ತೇವ ಏರಿಳಿದಾಗ ತೇಗ ಎಷ್ಟು ಹಿಗ್ಗಿ ಕುಗ್ಗುತ್ತದೋ ಇದು ಅದರ ಸುಮಾರು ಎರಡರಷ್ಟು. ನಿಮ್ಮ ಅಲಗು ಆ ಮರದ ಸೀಳಿನ ನಡುವೆ ತಿರುಗುತ್ತದೆ. ಆರಿದ್ರಾ ಮಳೆ ಹಿಡಿದು ಗೋಡೆಯೇ ಬೆವರುವ ಊರಿನಲ್ಲಿ ಸೀಳು ಬಿಗಿದುಕೊಂಡು ಅಲಗನ್ನು ಕಚ್ಚಿ ಹಿಡಿಯುವುದು ದೋಷವಲ್ಲ, ಮರದ ಸ್ವಭಾವ. ಬೆಂಗಳೂರಿನ ಆಫೀಸಿನ ಬ್ಯಾಗಿನಲ್ಲಿ ಅದಕ್ಕೆ ಈ ಪರೀಕ್ಷೆಯೇ ಬಂದಿರಲಿಲ್ಲ.

ಉಬ್ಬಿ ಸಿಕ್ಕಿಕೊಂಡಾಗ ಉಗುರಿನಲ್ಲಿ ಎಳೆದಾಡಬೇಡಿ, ಉಗುರೂ ಹೋಗುತ್ತದೆ, ಒಮ್ಮೆಲೇ ಬಿಟ್ಟುಕೊಂಡು ಕೈಗೂ ತಾಗುತ್ತದೆ. ಸವಾಯ್ ಕಡೆಯವರು ಹಿಂದಿನಿಂದ ಮಾಡುವ ಒಂದು ಉಪಾಯ ಇದೆ. ಬಳೆಯನ್ನು ಬೀಗ ಬಿಟ್ಟ ಸ್ಥಿತಿಗೆ ತಿರುಗಿಸಿ. ಹಿಡಿಯ ಹಿಂದಿನ ತುದಿಯನ್ನು, ಅಂದರೆ ಬಳೆ ಇಲ್ಲದ ಕಡೆಯನ್ನು, ಗಟ್ಟಿ ಮರದ ಮೇಜಿಗೋ ಹೊಸ್ತಿಲಿಗೋ ಟಕ್ಕನೆ ಬಡಿಯಿರಿ. ಆ ಏಟಿಗೆ ಅಲಗು ಸೀಳಿನಿಂದ ಒಂದಿಷ್ಟು ಮೇಲೆದ್ದು ಬರುತ್ತದೆ. ಬೆನ್ನನ್ನು ಹಿಡಿದು ತೆರೆಯಬಹುದು. ಕಲ್ಲಿಗೆ ಬಡಿದರೆ ಹಿಡಿಯ ತುದಿ ಜಜ್ಜುತ್ತದೆ.

ಒಣಗಿಸಲು ಜನ ಮಾಡುವ ಕೆಲಸಗಳು ಒಂದೆರಡಲ್ಲ. ಒಲೆಯ ಪಕ್ಕ ಇಡುವುದು, ಹೊಗೆ ಅಟ್ಟದ ಮೇಲೆ ಇಡುವುದು, ಮಳೆ ಬಿಟ್ಟಾಗ ಬಿಸಿಲಿಗೆ ಇಡುವುದು. ಇವೆಲ್ಲದರಲ್ಲೂ ಹೊರಮೈ ಬೇಗ ಒಣಗಿ ಒಳಗೆ ತೇವ ಉಳಿಯುತ್ತದೆ, ಕುತ್ತಿಗೆಯ ಹತ್ತಿರ ಸಣ್ಣಗೆ ಬಿರುಕು ಬಿಡುತ್ತದೆ. ಅಲ್ಲಿ ಬಿರುಕು ಬಂತೋ, ಆಣಿಗೆ ಹಿಡಿತವಿಲ್ಲ. ಗಾಳಿಯಾಡದ ಡಬ್ಬಿಯಲ್ಲಿ ಸಿಲಿಕಾ ಜೆಲ್ ಪೊಟ್ಟಣಗಳ ಜೊತೆ ಇಡಿ. ನಿಧಾನ, ಆದರೆ ಸುರಕ್ಷಿತ.

ಅದಕ್ಕಿಂತ ಮೇಲು, ಬೇಸಿಗೆಯಲ್ಲೇ ತಯಾರಿ. ಏಪ್ರಿಲ್ ಹೊತ್ತಿಗೆ ಹಿಡಿ ಪೂರ್ತಿ ಒಣಗಿದ್ದಾಗ, ಬಳೆ ಬಿಚ್ಚಿ, ಕುತ್ತಿಗೆಯ ಸಂದಿಗೆ ಕರಗಿಸಿದ ವ್ಯಾಸಲೀನ್ ಹನಿಹನಿಯಾಗಿ ಬಿಡಿ. ಬೆಚ್ಚಗಿದ್ದರೆ ಸಾಕು, ಕುದಿಯುವುದು ಬೇಡ. ಅಲಗನ್ನು ತೆರೆದು ಮಡಚಿ ಮಾಡುತ್ತಾ ಇದ್ದರೆ ಮರ ಅದನ್ನು ಕುಡಿಯುತ್ತದೆ. ತುಂಬಿದ ರಂಧ್ರಕ್ಕೆ ನೀರು ಅಷ್ಟು ಬೇಗ ಹೋಗುವುದಿಲ್ಲ. ಹಿಡಿಯ ಹೊರಮೈಗೆ ಅಗಸೆ ಎಣ್ಣೆ ತೆಳುವಾಗಿ ಸವರಿ ಒಣಗಲು ಬಿಡಬಹುದು. ಆದರೆ ಅಗಸೆ ಎಣ್ಣೆ ಒರೆಸಿದ ಬಟ್ಟೆಯನ್ನು ಮುದ್ದೆ ಮಾಡಿ ಮೂಲೆಗೆ ಎಸೆಯಬೇಡಿ. ಆ ಎಣ್ಣೆ ಒಣಗುವಾಗ ಬಿಸಿ ಹುಟ್ಟುತ್ತದೆ, ಮುದ್ದೆಯೊಳಗೆ ಬಿಸಿ ಸೇರಿ ತಾನಾಗೇ ಬೆಂಕಿ ಹತ್ತಿಕೊಳ್ಳಬಹುದು. ಬಿಚ್ಚಿ ಹರಡಿ ಒಣಗಿಸಿ, ಇಲ್ಲವೇ ನೀರಿನಲ್ಲಿ ನೆನಸಿಡಿ. ಸಂದಿಯೊಳಗೆ ಮಾತ್ರ ಅಗಸೆ ಎಣ್ಣೆಯಾಗಲಿ ಅಡುಗೆ ಎಣ್ಣೆಯಾಗಲಿ ಬೇಡ, ಕಾಲ ಕಳೆದಂತೆ ಅಂಟಾಗುತ್ತದೆ. ಕೊಬ್ಬರಿ ಎಣ್ಣೆ ಅಷ್ಟು ಬೇಗ ಅಂಟಾಗುವುದಿಲ್ಲ, ಆದರೆ 24 ಡಿಗ್ರಿಗಿಂತ ಕೆಳಗೆ ಹೆಪ್ಪುಗಟ್ಟುತ್ತದೆ. ಡಿಸೆಂಬರಿನ ಸಾಗರದಲ್ಲಿ ಬೆಳಿಗ್ಗೆ ಚಾಕು ತೆರೆಯುವುದಕ್ಕೆ ಮತ್ತೆ ಸರ್ಕಸ್. ಆಣಿಗೆ ಹೊಲಿಗೆ ಮೆಷಿನ್ ಎಣ್ಣೆ ಒಂದು ಹನಿ ಬಿಟ್ಟು, ಹೊರಗೆ ಬಂದದ್ದನ್ನು ಒರೆಸಿಬಿಡಿ.

ಸೀಳಿನ ಒಳಮೈಯನ್ನು ಮರಳು ಕಾಗದದಲ್ಲಿ ತಿಕ್ಕಿ ಅಗಲ ಮಾಡುವವರೂ ಇದ್ದಾರೆ. ತಪ್ಪೇನಿಲ್ಲ, ಆದರೆ ಉಬ್ಬಿದಾಗ ತಿಕ್ಕಿದರೆ ಬೇಸಿಗೆಯಲ್ಲಿ ಅಲಗು ಗಡಗಡ ಅಲ್ಲಾಡುತ್ತದೆ. ವ್ಯಾಸಲೀನಿನಿಂದಲೂ ಆಗದಿದ್ದರೆ ಮಾತ್ರ ಮಾಡಿ. ಕಾಗದವನ್ನು ಹಳೇ ಎಟಿಎಂ ಕಾರ್ಡಿಗೆ ಸುತ್ತಿ, ಅಲಗು ಉಜ್ಜಿ ಹೊಳಪು ಬಂದಿರುವ ಜಾಗವನ್ನು ಹುಡುಕಿ, ಅಲ್ಲಿ ಮಾತ್ರ ನಾಲ್ಕು ಸಲ. ತೆಗೆದ ಮರ ವಾಪಸ್ ಬರುವುದಿಲ್ಲ.

ಕಾನೂನು. ಶಸ್ತ್ರಾಸ್ತ್ರ ಕಾಯ್ದೆ 1959ರದ್ದು. ಅದರ ಅಡಿಯ ನಿಯಮಗಳು ಹರಿತದ ಆಯುಧ ಅಂತ ಪಟ್ಟಿ ಮಾಡುವುದು 9 ಇಂಚಿಗಿಂತ ಉದ್ದ ಅಥವಾ 2 ಇಂಚಿಗಿಂತ ಅಗಲ ಇರುವ ಅಲಗುಗಳನ್ನು. ಮನೆ, ಕೃಷಿ, ವಿಜ್ಞಾನ, ಕೈಗಾರಿಕೆಗೆಂದು ಮಾಡಿದವನ್ನು ಅದರಿಂದಲೂ ಹೊರಗಿಟ್ಟಿವೆ. ನಿಮ್ಮದು ಎಂಟೂವರೆ ಸೆಂಟಿಮೀಟರ್, ಅಂದರೆ ಮೂರೂಕಾಲು ಇಂಚಿನ ಸುಮಾರು. ತೋಟದಲ್ಲಿ, ಮನೆಯಲ್ಲಿ, ಪ್ರಯಾಣದಲ್ಲಿ ಹಣ್ಣಿನ ಚಾಕು ಅಂತ ಇಟ್ಟುಕೊಳ್ಳಲು ತೊಂದರೆಯಿಲ್ಲ. ಆದರೆ ಚುನಾವಣೆಯಲ್ಲೋ ಗಲಾಟೆಯ ಸಮಯದಲ್ಲೋ ನಿಷೇಧಾಜ್ಞೆ ಹಾಕಿದಾಗ ಹರಿತದ ಯಾವ ವಸ್ತುವನ್ನೂ ಒಯ್ಯಬಾರದು ಅಂತ ಸೇರಿಸುವುದುಂಟು. ಅಂಥ ದಿನ ಪೇಟೆಗೆ ಹೋಗುವಾಗ ಮನೆಯಲ್ಲೇ ಬಿಡಿ. ವಿಮಾನದಲ್ಲಿ ಕೈಚೀಲದಲ್ಲಿ ಬಿಡುವುದಿಲ್ಲ, ಚೆಕ್-ಇನ್ ಬ್ಯಾಗಿಗೆ ಹಾಕಬೇಕು. ಬೆಂಗಳೂರಿಗೆ ಬಂದು ಮೆಟ್ರೋ ಹತ್ತುವುದಿದ್ದರೂ ಜೇಬಿನಲ್ಲಿ ಬೇಡ, ಬಾಗಿಲಲ್ಲೇ ತಪಾಸಣೆ ಇರುತ್ತದೆ.

ಕೊನೆಗೆ, ಹೊಸದು ಬೇಕೇ? ಅಲಗು ಸವೆದು ಸೀಳಿನೊಳಗೆ ಎಷ್ಟು ಇಳಿದಿದೆ ಅಂದರೆ ಉಗುರು ಹಾಕುವ ಗೀರು ಕೈಗೇ ಸಿಗುವುದಿಲ್ಲ, ಅಥವಾ ಕುತ್ತಿಗೆಯ ಮರ ಬಿರುಕು ಬಿಟ್ಟಿದೆ, ಅಥವಾ ಅರದ ಪರೀಕ್ಷೆಯಲ್ಲಿ ಅರ್ಧ ಅಲಗು ಮೆತ್ತಗಿದೆ. ಇವುಗಳಲ್ಲಿ ಒಂದಿದ್ದರೂ ಅದನ್ನು ಪತ್ರ ಬಿಚ್ಚುವ ಕೆಲಸಕ್ಕೆ ಇಟ್ಟುಕೊಂಡು ಹೊಸದು ಕೊಳ್ಳಿ. ಇವ್ಯಾವುವೂ ಇಲ್ಲದಿದ್ದರೆ ನಿಮ್ಮ ಚಾಕುವಿಗೆ ಇನ್ನೂ ಬಹಳ ವರ್ಷ ಇದೆ. ನೀವು ಬರೆದದ್ದನ್ನು ಓದಿದರೆ ಹೊಸದು ಬೇಕಿಲ್ಲ ಅಂತಲೇ ಅನ್ನಿಸುತ್ತದೆ.

ಸ್ಟೇನ್‌ಲೆಸ್ ತಗೊಂಡರೆ ಎಲ್ಲ ಸರಿಹೋಗುತ್ತದೆ ಅಂದುಕೊಳ್ಳಬೇಡಿ. ಅದೇ ಕಂಪನಿಯ ಮಾಮೂಲಿ ಸ್ಟೇನ್‌ಲೆಸ್ ಚಾಕುವಿಗೂ ಹಿಡಿ ಮರದ್ದೇ. ಅಲಗು ಕಪ್ಪಾಗುವುದಿಲ್ಲ, ಮಳೆಗಾಲದಲ್ಲಿ ಸಿಕ್ಕಿಕೊಳ್ಳುವುದು ಮಾತ್ರ ಹಾಗೇ. ಸ್ವಿಟ್ಜರ್ಲೆಂಡಿನ ವಿಕ್ಟೋರಿನಾಕ್ಸ್‌ನ ಪ್ಲಾಸ್ಟಿಕ್ ಹಿಡಿಯ ಕೆಂಪು ಚಾಕು ಉಬ್ಬುವುದೂ ಇಲ್ಲ, ಕಪ್ಪಾಗುವುದೂ ಇಲ್ಲ. ಅದರ ಉಕ್ಕು ತುಸು ಮೆತ್ತಗೆ. ಬೇಗ ಮೊಂಡಾಗುತ್ತದೆ, ಬೇಗ ಹರಿತವೂ ಆಗುತ್ತದೆ. ಆದರೆ ಅದರ ಮಾಮೂಲಿ 91 ಮಿಲಿಮೀಟರಿನ ಮಾದರಿಗಳಿಗೆ ಬೀಗವಿಲ್ಲ, ಸ್ಪ್ರಿಂಗಿನ ಬಿಗಿಯಷ್ಟೇ. ಮೀಟುವ ಅಭ್ಯಾಸ ಇರುವ ಕೈಗೆ ಅದು ಇನ್ನೂ ಹುಷಾರಾಗಿರಬೇಕಾದ ಚಾಕು. ನನ್ನನ್ನು ಕೇಳಿದರೆ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಅಂಥದ್ದೊಂದನ್ನು ಜೇಬಿಗೆ ಹಾಕಿಕೊಂಡು, ಹಳೇದನ್ನು ಒಣಗಿಸಿ, ಎಣ್ಣೆ ಸವರಿ ಡಬ್ಬಿಯಲ್ಲಿಡಿ. ತಿಂಗಳಿಗೊಮ್ಮೆ ತೆಗೆದು ನೋಡಿ, ಮರೆತರೆ ತುಕ್ಕು ಡಬ್ಬಿಯೊಳಗೂ ಬರುತ್ತದೆ.

ಅಷ್ಟಾಗಿಯೂ ಇದೇ ಜಾತಿಯ ಹೊಸ ಮರದ ಹಿಡಿಯ ಚಾಕು ಕೊಳ್ಳುವುದಾದರೆ ಪೆಟ್ಟಿಗೆ ನೋಡಿ ತರಬೇಡಿ. ಅಂಗಡಿಯಲ್ಲಿ ನಾಲ್ಕೈದನ್ನು ತೆರೆಸಿ ನೋಡಿ. ಮರ ಒಂದೊಂದರಲ್ಲೂ ಬೇರೆ. ಅಲಗು ಮಡಚಿದಾಗ ಸೀಳಿನ ನಡುವೆ ನೇರ ಕೂರಬೇಕು, ತೆರೆದು ಬೀಗ ಹಾಕಿದಾಗ ಬಳೆ ಕೊನೆಯವರೆಗೆ ಹೋಗದೆ ನಡುವೆಯೇ ಬಿಗಿಯಾಗಬೇಕು. ನಿಮ್ಮ ಊರಿಗೆ ಒಯ್ಯುವುದಾದರೆ ಒಣ ಹವೆಯಲ್ಲಿ ಸ್ವಲ್ಪ ಸಡಿಲ ಅನ್ನಿಸುವುದನ್ನೇ ಆರಿಸಿ.